“ಬರೀ ಉಳುಕು ಕಣೋ” ಅನ್ನೋರಿಗೆ

1/8
ಮೊನ್ನೆ ಹಾಕಿದ ಫೋಟೋ ನೋಡಿ ಹನ್ನೊಂದು ಜನ ಡಿಎಂ ಮಾಡಿದ್ರಿ, “ಮಣಿಕಟ್ಟಲ್ಲಿ ಏನೋ ಅದು ಗೆರೆ?” ಅಂತ. ಆಪರೇಷನ್ ಗುರುತು. ಒಳಗೊಂದು ಪುಟ್ಟ ಸ್ಕ್ರೂ ಇದೆ. ವಾಲಿಬಾಲ್ ಆಡುವಾಗ ಬಿದ್ದಿದ್ದು ನಿಜ. ಆದ್ರೆ ಸ್ಕ್ರೂವರೆಗೂ ಹೋಗಿದ್ದು, “ಬರೀ ಉಳುಕು ಕಣೋ” ಅನ್ನೋ ಮಾತನ್ನ ಏಳು ವಾರ ನಂಬಿದ್ದಕ್ಕೆ.
ಮುಂದಿನ ತಿಂಗಳು ನಮ್ಮ ಇಂಟರ್‌ಕ್ಲಾಸ್ ಟೂರ್ನಿ. ಅದಕ್ಕೇ ಈಗ ಬರೀತಿದ್ದೀನಿ. ಉದ್ದ ಇದೆ, ಆದ್ರೂ ಓದಿ. ನಿಮ್ಮ ಕೈ ವಿಷಯ.

2/8
ಬಾಲ್ ಎತ್ತೋಕೆ ಹಾರಿ, ಅಂಗೈ ಊರಿ ಬಿದ್ದೆ. ಹೆಬ್ಬೆರಳಿನ ಬುಡದ ಹತ್ರ ಚುಚ್ಚಿದ ಹಾಗೆ ನೋವು. ಊತ ಅಂಥಾ ಜಾಸ್ತಿ ಇರ್ಲಿಲ್ಲ. ಒಬ್ಬ ಸೀನಿಯರ್ ಓಡಿ ಬಂದು ಕೈ ಹಿಡಿದು ತಿರುಚಿ ಎಳೆದ. “ಟಕ್ ಅಂತಲ್ಲ? ಕೂತ್ಕೊಂತು ಬಿಡು” ಅಂದ. ಸ್ಪ್ರೇ ಹೊಡೆದ್ರು, ಕ್ರೇಪ್ ಬ್ಯಾಂಡೇಜ್ ಸುತ್ತಿದ್ರು, ಮುಂದಿನ ಸೆಟ್ ಆಡಿದೆ. ಎಲ್ರೂ ಚಪ್ಪಾಳೆ ಹೊಡೆದ್ರು, ನಾನೂ ಉಬ್ಬಿದೆ. ಮನೇಲಿ ಅಜ್ಜಿ ಪ್ರೀತಿಯಿಂದ ಎಣ್ಣೆ ಹಚ್ಚಿ ನೀವಿದ್ಲು.
ಏಳು ವಾರ ಆದ್ಮೇಲೂ ಬೈಕಿನ ಆಕ್ಸಿಲರೇಟರ್ ತಿರುಗಿಸೋಕೆ ಆಗ್ದೇ ಇದ್ದಾಗ ಎಕ್ಸ್‌ರೇ ತೆಗೆಸಿದೆ. ಮೂಳೆ ಎರಡು ತುಂಡು. “ಮೊದಲ ವಾರವೇ ಬಂದಿದ್ರೆ ಪ್ಲಾಸ್ಟರ್‌ನಲ್ಲೇ ಮುಗೀತಿತ್ತೇನೋ” ಅಂದ್ರು ಡಾಕ್ಟರ್. ಆ “ಏನೋ” ಇವತ್ತಿಗೂ ಕಿವೀಲಿದೆ.

3/8
ಮಣಿಕಟ್ಟಲ್ಲಿ 8 ಸಣ್ಣ ಮೂಳೆ ಇವೆ. ಅದರಲ್ಲಿ ಹೆಬ್ಬೆರಳಿನ ಕಡೆ ಇರೋದು ಸ್ಕೇಫಾಯ್ಡ್. ಹೆಚ್ಚುಕಮ್ಮಿ ಗೋಡಂಬಿ ಆಕಾರ. ಕೈ ಚಾಚಿ ಬಿದ್ದಾಗ ಈ 8ರಲ್ಲಿ ಅತಿ ಹೆಚ್ಚು ಮುರಿಯೋದು ಇದೇ.
ಇದರ ಕೆಟ್ಟ ಬುದ್ಧಿ ಎರಡು. ಒಂದು, ಮೊದಲ ದಿನದ ಎಕ್ಸ್‌ರೇನಲ್ಲಿ ಬಿರುಕು ಕಾಣದೇ ಇರಬಹುದು. ಅದಕ್ಕೇ ಅನುಮಾನ ಇದ್ರೆ ಕೈಗೆ ಪಟ್ಟಿ ಕಟ್ಟಿ, 10–14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೀತಾರೆ, ಇಲ್ಲಾ ಎಂಆರ್‌ಐ ಮಾಡಿಸ್ತಾರೆ. ಎರಡು, ಇದಕ್ಕೆ ರಕ್ತ ಹೆಚ್ಚಾಗಿ ಬೆರಳಿನ ಕಡೆ ತುದಿಯಿಂದ ಹಿಂದಕ್ಕೆ ಹರಿಯುತ್ತೆ. ಮಧ್ಯದಲ್ಲಿ ಮುರಿದ್ರೆ ಹಿಂದಿನ ತುಂಡಿಗೆ ರಕ್ತ ತಲುಪೋದೇ ಕಷ್ಟ. ಹಾಗಾಗಿ ಮೂಳೆ ಕೂಡದೇ ಹೋಗಬಹುದು. ವರ್ಷಗಳಾದ್ಮೇಲೆ ಕೀಲು ಸವೆದು ಸಂಧಿವಾತ ಬರಬಹುದು.
ಈಗಲೇ ನೋಡ್ಕೊಳಿ. ಹೆಬ್ಬೆರಳನ್ನ ಮೇಲಕ್ಕೆತ್ತಿ ಹಿಂದಕ್ಕೆ ಚಾಚಿ. ಬುಡದಲ್ಲಿ ಹಗ್ಗದ ಥರ ಎರಡು ಗೆರೆ ಏಳುತ್ತೆ, ಮಧ್ಯೆ ಒಂದು ಗುಳಿ ಬೀಳುತ್ತೆ. ಬಿದ್ದ ಮೇಲೆ ಆ ಗುಳಿ ಒತ್ತಿದಾಗ ನೋವಾದ್ರೆ ಅದನ್ನ “ಉಳುಕು” ಅಂತ ಕರೆಯೋ ಹಕ್ಕು ಯಾವ ಕ್ಯಾಪ್ಟನ್‌ಗೂ ಇಲ್ಲ.

4/8
ಬೆರಳಿನ ಕಥೆ ಇನ್ನೂ ಮಜಾ. ಕ್ಯಾಚ್ ಹಿಡಿಯುವಾಗ, ಥ್ರೋಬಾಲ್‌ನಲ್ಲಿ, ಬಾಲ್ ನೇರವಾಗಿ ಬೆರಳ ತುದಿಗೆ ಬಡಿಯುತ್ತೆ. ತುದಿ ಬಾಗಿ ಜೋತುಬೀಳುತ್ತೆ, ತಾನಾಗೇ ನೆಟ್ಟಗಾಗಲ್ಲ. ಮ್ಯಾಲೆಟ್ ಫಿಂಗರ್ ಅಂತಾರೆ. ಬೆರಳನ್ನ ನೆಟ್ಟಗಿಡೋ ಸ್ನಾಯುರಜ್ಜು ಹರಿದಿರುತ್ತೆ. ಸಾಮಾನ್ಯವಾಗಿ ಒಂದು ಪುಟ್ಟ ಸ್ಪ್ಲಿಂಟ್ ಸಾಕು, ಆದ್ರೆ 6–8 ವಾರ ಹಗಲೂ ರಾತ್ರಿ. ಮಧ್ಯೆ ಒಂದು ಸಲ ಬಗ್ಗಿಸಿದ್ರೂ ಮತ್ತೆ ಒಂದರಿಂದ ಎಣಿಕೆ.
ಕಬಡ್ಡೀಲಿ ರೈಡರ್‌ನ ಜೆರ್ಸಿ ಹಿಡಿದಿರ್ತೀರ, ಅವನು ಕಿತ್ಕೊಂಡು ಓಡ್ತಾನೆ. ಆಮೇಲೆ ಉಂಗುರದ ಬೆರಳಿನ ತುದಿ ಬಗ್ಗೋದೇ ಇಲ್ಲ. ಇದು ಜೆರ್ಸಿ ಫಿಂಗರ್. ಹರಿದ ರಜ್ಜು ಅಂಗೈ ಕಡೆ ಹಿಂದೆ ಸರಿಯುತ್ತೆ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಆಪರೇಷನ್ ಆಗಬೇಕು. ನೀವು ಕಾಯ್ತಾ ಕೂತ್ರೆ ಅದು ಕಾಯಲ್ಲ.
ಇವೆರಡಕ್ಕೂ ನಮ್ಮ ಗ್ರೌಂಡಿನ ಔಷಧಿ ಒಂದೇ: ಹಿಡಿದು ಎಳೆಯೋದು! ಒಳಗೆ ಏನಾಗಿದೆ ಅಂತ ಗೊತ್ತಿಲ್ಲದೆ ಎಳೆದ್ರೆ, ಮುರಿದಿರೋ ಮೂಳೆ ಇನ್ನೂ ಸರಿಯುತ್ತೆ.

5/8
“ದೊಡ್ಡ ಪ್ಲೇಯರ್‌ಗಳು ಮುರಿದ ಕೈಯಲ್ಲೇ ಆಡ್ತಾರಪ್ಪ” ಅಂತೀರಲ್ಲ, ಸರಿ. 2009ರಲ್ಲಿ ಸಿಡ್ನಿಯಲ್ಲಿ ಗ್ರೇಮ್ ಸ್ಮಿತ್ ಮುರಿದ ಎಡಗೈ ಇಟ್ಕೊಂಡು 11ನೇಯವನಾಗಿ ಬ್ಯಾಟಿಂಗಿಗೆ ಬಂದ. 2024ರಲ್ಲಿ ಬ್ರಸೆಲ್ಸ್ ಡೈಮಂಡ್ ಲೀಗ್ ಫೈನಲ್‌ನಲ್ಲಿ ನೀರಜ್ ಚೋಪ್ರಾ ಎಡಗೈ ಮೂಳೆ ಮುರಿದಿದ್ರೂ 87.86 ಮೀಟರ್ ಎಸೆದ.
ರೀಲ್‌ನಲ್ಲಿ ಕಾಣದ ಭಾಗ ಕೇಳಿ. ಸ್ಮಿತ್‌ಗೆ ಕೈ ಮುರಿದಿದೆ ಅಂತ ಗೊತ್ತಿತ್ತು. ನೀರಜ್ ಮೊದಲು ಎಕ್ಸ್‌ರೇ ತೆಗೆಸಿದ್ದ, ತಂಡದ ಜೊತೆ ಸೇರಿ ಆಡೋದು ಅಂತ ತೀರ್ಮಾನ ಮಾಡಿದ್ದ. ಎಸೆಯೋ ಕೈ ಬೇರೆ ಬಲಗೈ. ಅವರು ಗೊತ್ತಿದ್ದು ರಿಸ್ಕ್ ತಗೊಂಡ್ರು. ನಾವು ಗೊತ್ತಿಲ್ಲದೆ ತಗೋತೀವಿ, ಅದಕ್ಕೆ ಧೈರ್ಯ ಅಂತ ಹೆಸರಿಡ್ತೀವಿ.
ನಮ್ಮ ಕೆ.ಎಲ್. ರಾಹುಲ್ ನೆನಪಿದ್ಯಾ? 2021ರ ಜನವರಿ, ಮೆಲ್ಬರ್ನ್ ನೆಟ್ಸ್‌ನಲ್ಲಿ ಎಡ ಮಣಿಕಟ್ಟು ಉಳುಕ್ತು. ಹೌದು, ಬರೀ ಉಳುಕು! ಉಳಿದ ಎರಡೂ ಟೆಸ್ಟ್‌ನಿಂದ ಹೊರಗೆ, ಸುಧಾರಿಸೋಕೆ ಮೂರು ವಾರ ಬೇಕು ಅಂತ ಹೇಳಿ ಊರಿಗೆ ಕಳಿಸಿದ್ರು. ಭಾರತ ತಂಡಕ್ಕೆ ಅವನಿಲ್ಲದೆ ನಡೆಯುತ್ತೆ, ನಮ್ಮ ಸೆಕೆಂಡ್ ಇಯರ್ ಬಿಕಾಂ ಟೀಮಿಗೆ ನೀನಿಲ್ಲದೆ ನಡೆಯಲ್ವಾ?

6/8
“ಎಲ್ಲದಕ್ಕೂ ಆಸ್ಪತ್ರೆ ಅಂತ ಓಡಿದ್ರೆ ಆಡೋದ್ಯಾವಾಗ?” ನ್ಯಾಯವಾದ ಪ್ರಶ್ನೆ. ಹೆಚ್ಚಿನವು ನಿಜವಾಗ್ಲೂ ಸಾದಾ ಉಳುಕೇ, ಐಸು ರೆಸ್ಟಲ್ಲಿ ಹೋಗುತ್ತೆ. ಆದ್ರೆ ಯಾವುದು ಸಾದಾ ಅಂತ ಗ್ರೌಂಡಲ್ಲಿ ನಿಂತು ಕಣ್ಣಳತೇಲಿ ಹೇಳೋಕಾಗಲ್ಲ. ಬೆರಳು ಅಲ್ಲಾಡ್ತಿದೆ ಅಂದ್ರೆ ಮುರಿದಿಲ್ಲ ಅನ್ನೋದು ಶುದ್ಧ ಸುಳ್ಳು. ನಾನು ಮುರಿದ ಮಣಿಕಟ್ಟಲ್ಲಿ ಒಂದು ಸೆಟ್ ಪೂರ್ತಿ ಆಡಿದ್ದೀನಿ.
ಬಿಕಾಂ ಓದ್ತಿದ್ದೀವಲ್ಲ, ಲೆಕ್ಕ ಹಾಕಿ. ಜೆರ್ಸಿಗೆ ತಲಾ 450 ಕೊಟ್ವಿ. ನನ್ನ ಎಕ್ಸ್‌ರೇ ಅದಕ್ಕಿಂತ ಕಮ್ಮಿಗೆ ಆಯ್ತು. ಆಪರೇಷನ್‌ಗೆ ಅಪ್ಪ ಚೀಟಿ ದುಡ್ಡು ಎತ್ತಿದ್ರು. ಬಲಗೈ ಕಟ್ಟಿಕೊಂಡು ಇಂಟರ್ನಲ್ಸ್‌ನಲ್ಲಿ ಎಡಗೈಯಲ್ಲಿ ಬ್ಯಾಲೆನ್ಸ್ ಶೀಟ್ ಬರೆದೆ, ಅರ್ಧಕ್ಕೇ ಬೆಲ್ ಆಯ್ತು. ಆ ಚಪ್ಪಾಳೆ ಯಾವ ಕಾಲಮ್ಮಿಗೆ ಹಾಕ್ಲಿ?

7/8
ಸೇವ್ ಮಾಡಿಟ್ಕೊಳಿ.
• ಏಟು ಬಿದ್ದ ತಕ್ಷಣ ಉಂಗುರ, ಕಡಗ ತೆಗೀರಿ. ಊದಿದ ಮೇಲೆ ಬರಲ್ಲ.
• ಐಸನ್ನ ಬಟ್ಟೇಲಿ ಸುತ್ತಿ 15–20 ನಿಮಿಷ ಇಡಿ. ಕೈ ಎದೆಗಿಂತ ಮೇಲೆ ಇರ್ಲಿ.
• ಎಳೀಬೇಡಿ, ತಿರುಚಬೇಡಿ, ಎಣ್ಣೆ ಹಚ್ಚಿ ನೀವಬೇಡಿ.
• ಕೈ ಅಲ್ಲಾಡದ ಹಾಗೆ ಸ್ಕೇಲೋ ಮಡಚಿದ ರಟ್ಟೋ ಇಟ್ಟು ಸಡಿಲವಾಗಿ ಕಟ್ಟಿ.
• ಬೆರಳು ಸೊಟ್ಟಗಾಗಿದ್ರೆ, ಜೋಮು ಹಿಡಿದಿದ್ರೆ, ತಣ್ಣಗೆ ನೀಲಿ ಆಗಿದ್ರೆ, ಚರ್ಮ ಹರಿದು ಮೂಳೆ ಕಂಡ್ರೆ, ಮ್ಯಾಚ್ ಬಿಟ್ಟು ಅವತ್ತೇ ಆಸ್ಪತ್ರೆ.
• ತುದಿ ಬಗ್ಗದಿದ್ರೆ, ನೆಟ್ಟಗಾಗದಿದ್ರೆ, ಇಲ್ಲಾ ಹೆಬ್ಬೆರಳ ಗುಳೀಲಿ ನೋವಿದ್ರೆ, ಊತ ಇಲ್ಲದಿದ್ರೂ ಡಾಕ್ಟರ್‌ಗೆ ತೋರಿಸಿ.

8/8
ಟೂರ್ನಿ ಕಮಿಟಿಯವರೇ, ಇದು ನಿಮಗೆ. ಡಿಜೆಗೆ ದುಡ್ಡಿದೆ, ಟ್ರೋಫಿಗೆ ದುಡ್ಡಿದೆ, ಐಸಿಗೆ ಇಲ್ವಾ? ಮೂರೇ ಕೇಳ್ತೀನಿ. ಗ್ರೌಂಡಲ್ಲಿ ಐಸು, ಸ್ಪ್ಲಿಂಟು, ಟೇಪು ಇರೋ ಒಂದು ಬಾಕ್ಸ್. ಏಟು ಬಿದ್ದವರ ಬದಲು ಆಡೋಕೆ ಪ್ರತಿ ಟೀಮಿಗೂ ಎಕ್ಸ್ಟ್ರಾ ಸಬ್‌ಸ್ಟಿಟ್ಯೂಟ್. ಮತ್ತೆ, ಹೊರಗೆ ಹೋಗೋರನ್ನ “ನಾಟಕ” ಅಂತ ಆಡ್ಕೊಳ್ಳೋರಿಗೆ ಮೈಕ್ ಕೊಡಬಾರ್ದು.
ಆ ಸೀನಿಯರ್ ಮೇಲೆ ನಂಗೆ ಸಿಟ್ಟಿಲ್ಲ. ಅವನಿಗೂ ಯಾರೋ ಹಾಗೇ ಎಳೆದಿದ್ರು, ಅವನದ್ದು ಹೇಗೋ ಸರಿಹೋಗಿತ್ತು. ಈ ಸಲ ನಿಮ್ಮ ಪಕ್ಕದವನು ಕೈ ಹಿಡ್ಕೊಂಡು ಕೂತ್ರೆ, ಅವನ ಬೆರಳು ಎಳೀಬೇಡಿ. ಅವನನ್ನ ಬೈಕ್ ಹತ್ತಿಸ್ಕೊಂಡು ಎಕ್ಸ್‌ರೇಗೆ ಕರ್ಕೊಂಡು ಹೋಗಿ.
ನಿಮ್ಮ ಟೀಮ್ ಕ್ಯಾಪ್ಟನ್‌ನ ಕೆಳಗೆ ಟ್ಯಾಗ್ ಮಾಡಿ.
#ಬೆರಳುಎಳೀಬೇಡಿ #ಬರೀಉಳುಕಲ್ಲ #ಇಂಟರ್‌ಕ್ಲಾಸ್