ಹಾರ್ಮೋನ್ ಇಂಜೆಕ್ಷನ್ ಅಂದ್ರೆ ಯಾವ ಹಾರ್ಮೋನ್?

ಮೊನ್ನೆ ಮೆಸ್ಸಲ್ಲಿ ಗೆಳೆಯನೊಬ್ಬ ಮೊಸರಿನ ಬಟ್ಟಲು ಪಕ್ಕಕ್ಕೆ ತಳ್ಳಿದ. "ಹಾರ್ಮೋನ್ ಚುಚ್ಚಿ ತಯಾರು ಮಾಡಿದ ಹಾಲು ಮಗಾ ಇದೆಲ್ಲ." ಯಾವ ಹಾರ್ಮೋನ್ ಅಂದೆ. "ಅದೇ, ಆಕ್ಸಿಟೋಸಿನ್ನೋ ಏನೋ."

ಈ 'ಏನೋ' ಬಗ್ಗೆಯೇ ನನ್ನ ತಕರಾರು.

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು 80% ಕೇಸೀನ್. ಅದರ ನಾಲ್ಕು ಜೀನ್‌ಗಳು 6ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ. ಕಿವಿಯ ಜೀವಕೋಶದಲ್ಲೂ ಇವೆ, ಆದ್ರೆ ಕಿವಿ ಹಾಲು ಕೊಡಲ್ಲವಲ್ಲ! ಕೆಚ್ಚಲಿನಲ್ಲಿ ಅವು ಆನ್ ಆಗೋದಕ್ಕೂ ಒಂದೇ ಸ್ವಿಚ್ ಸಾಲದು. ಪ್ರೊಲ್ಯಾಕ್ಟಿನ್, ಕಾರ್ಟಿಸಾಲ್, ಇನ್ಸುಲಿನ್ ಮೂರೂ ಬೇಕು. ಚೊಚ್ಚಲ ಕಡಸಾದರೆ ಗಬ್ಬದಲ್ಲಿ ಏರಿದ್ದ ಪ್ರೊಜೆಸ್ಟರಾನ್ ಕರು ಹಾಕುವ ಹೊತ್ತಿಗೆ ಇಳಿಯಬೇಕು. ನಮ್ಮ ಭಾಷೆಯಲ್ಲಿ ಆಂಡ್ ಗೇಟು, ಒಂದು ಇನ್‌ಪುಟ್ಟಿಗೆ ನಾಟ್. ಪ್ರೊಲ್ಯಾಕ್ಟಿನ್ ಕೋಶದ ಹೊರಗಿನ ರಿಸೆಪ್ಟರಿಗೆ ಕೂತರೆ ಒಳಗೆ ಜ್ಯಾಕ್2 ಎಂಬ ಕಿಣ್ವ ಸ್ಟ್ಯಾಟ್5 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಸ್ಟ್ಯಾಟ್5 ಜೋಡಿ ಜೋಡಿಯಾಗಿ ನ್ಯೂಕ್ಲಿಯಸ್ಸಿಗೆ ಹೋಗಿ ಕೇಸೀನ್ ಜೀನಿನ ಪ್ರೊಮೋಟರ್ ಹಿಡಿಯುತ್ತದೆ. ಆಮೇಲೆ ಪ್ರೊಡಕ್ಷನ್ ಶುರು.

ಆಕ್ಸಿಟೋಸಿನ್ ಈ ಸ್ವಿಚ್ಚುಗಳಲ್ಲಿ ಒಂದಲ್ಲ. ಕರು ಮೂತಿ ಹಾಕಿದ ತಕ್ಷಣ ಹಸು ಸೊರೆ ಬಿಡುತ್ತಲ್ಲ, ಆಗಲೇ ತಯಾರಾಗಿದ್ದ ಹಾಲನ್ನು ಹಿಂಡಿ ಕೆಳಗಿಳಿಸುವ ಆ ಕೆಲಸ ಇದರದು. ಕೆಚ್ಚಲು ಪೂರ್ತಿ ಖಾಲಿಯಾದರೆ ಮುಂದಿನ ತಯಾರಿಗೆ ಒಂದಿಷ್ಟು ಅನುಕೂಲ ಇರಬಹುದು. ಆದ್ರೂ ಅದು ವಾಲ್ವ್, ಫ್ಯಾಕ್ಟರಿ ಅಲ್ಲ.

ಇದು ಎರಡು ಮಾರ್ಕಿನ ಪ್ರಶ್ನೆ ಅಷ್ಟೇ ಆಗಿದ್ರೆ ನಾನು ಬರೀತಿರಲಿಲ್ಲ. ದನಗಳಿಗೆ ಚುಚ್ಚಿ ದುರ್ಬಳಕೆ ಮಾಡ್ತಾರೆ ಅಂತ ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ, ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸಬಾರದು ಎಂದು ಅಧಿಸೂಚನೆ ಹೊರಡಿಸಿತು. ಇಡೀ ದೇಶದ ಹೊಣೆ ಬಿದ್ದದ್ದು ನಮ್ಮ ಬೆಂಗಳೂರಿನ ಒಂದೇ ಸರ್ಕಾರಿ ಕಂಪನಿ, ಕರ್ನಾಟಕ ಆಂಟಿಬಯೋಟಿಕ್ಸ್ ಮೇಲೆ. ಆದರೆ ಹೆರಿಗೆಯ ನಂತರ ತಾಯಿಯ ರಕ್ತಸ್ರಾವ ತಡೆಯೋಕೆ ಬೇಕಾದ್ದೂ ಇದೇ ಔಷಧ. ಒಂದೇ ಕಡೆ ತಯಾರಾಗಿ, ಅಲ್ಲೇ ಏನಾದ್ರೂ ನಿಂತುಹೋದ್ರೆ? ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತ ನಾವೇ ಬಾಯಿಪಾಠ ಮಾಡಿಲ್ವಾ! ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅಧಿಸೂಚನೆ ರದ್ದು ಮಾಡಿತು.

ದನಕ್ಕೆ ದಿನಾ ಸೂಜಿ ಚುಚ್ಚೋದು ಸರಿ ಅಂತ ನಾನು ಹೇಳ್ತಿಲ್ಲ. ಕಳ್ಳ ಬಾಟಲಿ ಮಾರುವವರನ್ನು ಹಿಡಿಯಲಿ, ಹೆರಿಗೆ ವಾರ್ಡಿನ ಔಷಧಕ್ಕೆ ಕೈ ಹಾಕೋದು ಬೇಡ.

ಇಷ್ಟೆಲ್ಲ ಕೇಳಿ ಗೆಳೆಯ ಮೊಸರನ್ನೇನೋ ತಿಂದ. ಆಮೇಲೆ ಅವನು ಕೇಳಿದ ಪ್ರಶ್ನೆ ಮಾತ್ರ ನನ್ನದಕ್ಕಿಂತ ಚೆನ್ನಾಗಿತ್ತು: "ಕರು ಇದ್ರೆ ಸೊರೆ ತಾನಾಗೇ ಬರುತ್ತೆ ಅಂತೀಯ. ಹಾಗಾದ್ರೆ ಸೂಜಿ ಚುಚ್ಚೋ ಕಡೆ ಕರು ಏನಾಯ್ತು?"