ರೈತನ ನಿರ್ಧಾರ ರೈತನೊಬ್ಬನದೇ?

ಪದವಿಪೂರ್ವ ತರಗತಿಯಲ್ಲಿ ಸಮಾಜಶಾಸ್ತ್ರವನ್ನು ಆಯ್ದುಕೊಳ್ಳುವ ವಿದ್ಯಾರ್ಥಿಗೆ ಹಿರಿಯರಿಂದ ದೊರೆಯುವ ಪ್ರೋತ್ಸಾಹವೆಂದರೆ ‘ಅದು ಸುಲಭ, ಪಾಸಾಗಬಹುದು’ ಎಂಬುದು. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಬರೆಯುವುದಾದರೆ ಅದು ನಿಜಕ್ಕೂ ಸುಲಭವೇ. ಆದರೆ ಆ ಶಾಸ್ತ್ರದ ಮೂಲಪ್ರಶ್ನೆ ಅಷ್ಟು ಸುಲಭದ್ದಲ್ಲ. ಮನುಷ್ಯ ಸ್ವಂತ ಇಚ್ಛೆಯಿಂದಲೇ ಮಾಡಿದೆನೆಂದು ತಿಳಿದ ಕೆಲಸದಲ್ಲಿ ಅವನ ಇಚ್ಛೆಯ ಪಾಲೆಷ್ಟು, ಅವನ ಸುತ್ತಲಿನ ಸಮಾಜದ ಪಾಲೆಷ್ಟು? ಪರಿಸರ ಚಳವಳಿಗೆ ಇದು ಹೊರಗಿನ ಪ್ರಶ್ನೆಯಲ್ಲ. ತಿಳಿವಳಿಕೆ ನೀಡಿದರೆ ಜನ ಬದಲಾಗುತ್ತಾರೆಂಬ ನಂಬಿಕೆಯ ಮೇಲೆಯೇ ಚಳವಳಿಯ ಶಿಬಿರಗಳೂ ಕರಪತ್ರಗಳೂ ನಿಂತಿವೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ಮಲೆನಾಡಿನಿಂದ ಬಹುದೂರದ ಕಲಬುರಗಿಯ ಕಪ್ಪುಮಣ್ಣಿನ ಬಯಲು ತಕ್ಕ ಸ್ಥಳ.

ಫ್ರಾನ್ಸಿನ ಎಮಿಲ್ ಡರ್ಖೀಮ್ 1897ರಲ್ಲಿ ಆತ್ಮಹತ್ಯೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ತೀರಾ ಖಾಸಗಿಯೆನಿಸುವ ಈ ಕೃತ್ಯದ ಪ್ರಮಾಣ ಸಮುದಾಯದಿಂದ ಸಮುದಾಯಕ್ಕೆ ಭಿನ್ನವಾಗಿದೆ, ಒಂದೇ ಸಮಾಜದಲ್ಲಿ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚು ಏರುಪೇರಿಲ್ಲದೆ ಉಳಿಯುತ್ತದೆ ಎಂಬುದನ್ನು ಅವರು ಅಂಕಿಅಂಶಗಳಿಂದ ತೋರಿಸಿದರು. ವ್ಯಕ್ತಿಯನ್ನು ಸಮಾಜದೊಡನೆ ಬೆಸೆಯುವ ನಂಟುಗಳು ಸಡಿಲವಾಗುವುದರಲ್ಲಿ ಕಾರಣವನ್ನು ಹುಡುಕಬೇಕೆಂಬುದು ಅವರ ವಾದದ ಒಂದು ಮುಖ್ಯ ಎಳೆ. ಅಮೆರಿಕದ ಸಿ. ರೈಟ್ ಮಿಲ್ಸ್ 1959ರಲ್ಲಿ ಇದನ್ನೇ ಬೇರೆ ಬಗೆಯಲ್ಲಿ ಹೇಳಿದರು. ಊರಿನಲ್ಲಿ ಒಬ್ಬನಿಗೆ ಕೆಲಸವಿಲ್ಲದಿದ್ದರೆ ಅವನ ಗುಣ, ಕುಶಲತೆಗಳನ್ನು ವಿಚಾರಿಸಬಹುದು. ಲಕ್ಷಾಂತರ ಜನರಿಗೆ ಕೆಲಸವಿಲ್ಲದಿದ್ದರೆ ವಿಚಾರಿಸಬೇಕಾದದ್ದು ವ್ಯವಸ್ಥೆಯನ್ನು.

ಕಲಬುರಗಿಗೆ ತೊಗರಿಯ ಕಣಜವೆಂಬ ಹೆಸರಿದೆ. ಜೋಳ, ಸಜ್ಜೆ, ಹೆಸರು, ಉದ್ದು, ಎಳ್ಳುಗಳ ನಡುವೆ ಸಾಲುಸಾಲಾಗಿ ತೊಗರಿ ಬಿತ್ತುವುದು ಅಲ್ಲಿನ ಹಳೆಯ ಕ್ರಮ. ಮಳೆ ಒಂದಕ್ಕೆ ಕೈಕೊಟ್ಟರೆ ಮತ್ತೊಂದು ಮನೆಯನ್ನು ಕಾಯುತ್ತಿತ್ತು. ನಗರದ ಗಂಜ್ ಮಾರುಕಟ್ಟೆಯೂ ದಾಲ್‌ಮಿಲ್ಲುಗಳೂ ಬೆಳೆದಂತೆ ತೊಗರಿಯೊಂದೇ ಹೊಲದ ತುಂಬ ಹರಡಿತು. ಇದನ್ನು ಯಾವ ರೈತನೂ ಒಬ್ಬನೇ ಕುಳಿತು ನಿರ್ಧರಿಸಲಿಲ್ಲ. ವರ್ತಕ ಕೇಳುವುದು ತೊಗರಿಯನ್ನು, ಸಾಲ ಕೊಡುವವನು ಲೆಕ್ಕ ಹಾಕುವುದೂ ತೊಗರಿಯ ಮೇಲೆ. ಜೋಳಕ್ಕೇ ಅಂಟಿಕೊಂಡವನ ಪಾಡನ್ನೂ ನೋಡಬೇಕು. ಸುತ್ತಲಿನ ಹೊಲಗಳಲ್ಲೆಲ್ಲ ಜೋಳವಿದ್ದಾಗ ಹಕ್ಕಿಗಳ ಪಾಲು ಎಲ್ಲರಿಗೂ ಹಂಚಿಹೋಗುತ್ತಿತ್ತು. ಒಬ್ಬನ ಹೊಲದಲ್ಲಿ ಮಾತ್ರ ತೆನೆಯಿದ್ದರೆ ಊರಿನ ಹಕ್ಕಿಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ಮುಂದಿನ ವರ್ಷ ಅವನೂ ತೊಗರಿ ಬಿತ್ತುತ್ತಾನೆ. ಅದನ್ನು ದುರಾಸೆಯೆಂದು ಕರೆಯುವವರು ಹಕ್ಕಿಗಳನ್ನು ಗಮನಿಸಿಲ್ಲ.

ಒಳ್ಳೆಯದೂ ಹರಡುವುದು ಇದೇ ದಾರಿಯಲ್ಲಿ. ನೆಟೆರೋಗವನ್ನು ತಡೆಯುವ ‘ಮಾರುತಿ’ ತಳಿ 1986ರಲ್ಲಿ ಬಿಡುಗಡೆಯಾದ ಮೇಲೆ ಈ ಬಯಲಿನಲ್ಲಿ ವ್ಯಾಪಕವಾಗಿ ನೆಲೆಸಿತು. ಹೊಸ ಬೀಜ ಹೇಗೆ ಹರಡುತ್ತದೆಂಬುದನ್ನು ಅಮೆರಿಕದ ಅಯೋವಾ ರಾಜ್ಯದಲ್ಲಿ ಅಧ್ಯಯನ ಮಾಡಿದ ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 1943ರಲ್ಲಿ ಬರೆದುದೂ ಇದನ್ನೇ. ಮೆಕ್ಕೆಜೋಳದ ಸಂಕರ ತಳಿಯ ಸುದ್ದಿ ರೈತನಿಗೆ ಮಾರಾಟಗಾರನಿಂದ ತಲುಪಿತು, ನಂಬಿಕೆ ಹುಟ್ಟಿದ್ದು ಮಾತ್ರ ನೆರೆಯವನಿಂದ. ಕೃಷಿ ವಿಜ್ಞಾನಿಗಳು ಹೊಗಳಿಕೆಯನ್ನು ತಾವೇ ತೆಗೆದುಕೊಳ್ಳುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

1997-98ರ ಹಂಗಾಮಿನಲ್ಲಿ ಆಗಿನ ಗುಲಬರ್ಗಾ, ಬೀದರ್ ಜಿಲ್ಲೆಗಳ ತೊಗರಿ ನೆಲಕಚ್ಚಿತು. ಕಾಯಿಕೊರಕ ಹುಳು ಮಿತಿಮೀರಿತ್ತು. ಹೊಡೆದ ಔಷಧಕ್ಕೆ ಅದು ಜಗ್ಗದಿದ್ದಾಗ ರೈತರು ಇನ್ನಷ್ಟು ಔಷಧವನ್ನು ಸಾಲವಾಗಿ ತಂದರು. ಔಷಧ ಮಾರುವವನೇ ಸಾಲಗಾರ, ಅವನೇ ಸಲಹೆಗಾರನೂ ಆಗಿರುವ ಕಡೆ ಮತ್ತಾವ ಸಲಹೆ ದೊರೆತೀತು? ಆ ವರ್ಷ ರೈತರ ಆತ್ಮಹತ್ಯೆಗಳು ರಾಜ್ಯವನ್ನು ಕಲಕಿದವು. 2002ರಲ್ಲಿ ಡಾ. ಜಿ.ಕೆ. ವೀರೇಶ್ ಅಧ್ಯಕ್ಷತೆಯ ತಜ್ಞರ ಸಮಿತಿ ರಾಜ್ಯದ ರೈತರ ಆತ್ಮಹತ್ಯೆಗಳ ಕುರಿತು ವರದಿ ನೀಡಿದಾಗ, ಕುಡಿತ, ಕೌಟುಂಬಿಕ ಕಲಹ ಮೊದಲಾದ ವೈಯಕ್ತಿಕ ಕಾರಣಗಳಿಗೆ ಅದು ಕೊಟ್ಟ ಒತ್ತು ತೀವ್ರ ಟೀಕೆಗೆ ಗುರಿಯಾಯಿತು. ಕುಡಿತ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಅದು ಎಲ್ಲ ವರ್ಷಗಳಲ್ಲಿಯೂ ಇದ್ದದ್ದು. ಆ ಒಂದು ವರ್ಷದ ಸಾವುಗಳನ್ನು ಅದೊಂದೇ ಹೇಗೆ ವಿವರಿಸೀತು? ಸಮಾಜ ಮಾನವಶಾಸ್ತ್ರಜ್ಞೆ ಎ.ಆರ್. ವಸವಿ ಬೀದರ್‌ನ ಸಾವುಗಳನ್ನು ಕುರಿತು 1999ರಲ್ಲಿಯೇ ಬರೆದಿದ್ದರು. ಮಾರುಕಟ್ಟೆಯನ್ನೂ ಸರ್ಕಾರವನ್ನೂ ಆ ಚರ್ಚೆಯ ನಡುವಿಗೆ ತಂದ ಅವರು, ಬೇಸಾಯ ಒಂಟಿಯಾಗುತ್ತ ಹೋದುದನ್ನು ಮುಂದಿನ ಬರಹಗಳಲ್ಲಿ ಇನ್ನಷ್ಟು ವಿವರಿಸಿದರು. ಬೀಜ, ಗೊಬ್ಬರ, ಸಾಲ, ಸೋಲು ಎಲ್ಲವೂ ಒಬ್ಬನ ತಲೆಯ ಮೇಲೆಯೇ ಬಂದು ನಿಂತಿದ್ದವು.

ಹುಳುವಿಗೆ ಔಷಧವಲ್ಲದ ಉಪಾಯವೊಂದು ದಕ್ಷಿಣ ಭಾರತದ ತೊಗರಿ ಬೆಳೆಗಾರರಲ್ಲಿ ಹಿಂದಿನಿಂದಲೂ ಇತ್ತು. ಗಿಡಗಳನ್ನು ಬಾಗಿಸಿ ಅಲುಗಿಸಿ, ಕೆಳಗೆ ಹಾಸಿದ ಹಾಳೆಯ ಮೇಲೆ ಹುಳುಗಳನ್ನು ಉದುರಿಸಿ ಒಟ್ಟುಮಾಡುವುದು ಆ ಕ್ರಮ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳೂ ಇದನ್ನು ಪರಿಶೀಲಿಸಿ ಶಿಫಾರಸು ಮಾಡಿದ್ದಾರೆ. ಆದರೆ ಇದಕ್ಕೆ ಒಬ್ಬನ ಕೈ ಸಾಲದು. ಹಾಳೆ ಎಳೆಯುವವರು, ಗಿಡ ಅಲುಗಿಸುವವರು ಒಟ್ಟಾಗಿಯೇ ನಡೆಯಬೇಕು. ಪಕ್ಕದ ಹೊಲದವನು ಮಾಡದಿದ್ದರೆ ಅಲ್ಲಿಂದ ಹಾರಿಬಂದ ಪತಂಗ ಮತ್ತೆ ಇಲ್ಲಿ ಮೊಟ್ಟೆಯಿಡುತ್ತದೆ. ಮುಯ್ಯಾಳು ಪದ್ಧತಿ ಉಳಿದಿರುವ ಊರಿನಲ್ಲಿ ಈ ವಿಧಾನ ಅಗ್ಗ, ಉಳಿಯದ ಊರಿನಲ್ಲಿ ಕೂಲಿಯ ಲೆಕ್ಕಕ್ಕೇ ದುಬಾರಿ. ತಂತ್ರಜ್ಞಾನ ಎರಡೂ ಕಡೆ ಒಂದೇ.

ನಗರದಿಂದ ಹುಮನಾಬಾದ್ ದಾರಿಯಲ್ಲಿರುವ ಕಮಲಾಪುರ ಕೆಂಪುಬಾಳೆಗೆ ಹೆಸರಾದ ಊರು. ಈಗ ತಾಲ್ಲೂಕು ಕೇಂದ್ರವೂ ಹೌದು. ಅಲ್ಲಿನ ಕಣಿವೆಯಲ್ಲಿ ಬೆಳೆಯುವ ಈ ಹಣ್ಣು ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದೆ, ಬೆಲೆಯೂ ಉಂಟು. ಹಾಗಿದ್ದರೂ ಎಲ್ಲರೂ ಏಕೆ ಬೆಳೆಯುವುದಿಲ್ಲ? ಬೇರೆ ಬಾಳೆ ವರ್ಷದಲ್ಲಿ ಕೈಗೆ ಬಂದರೆ ಇದು ಸುಮಾರು ಹದಿನೆಂಟು ತಿಂಗಳು ಕಾಯಿಸುತ್ತದೆ; ಕೊಟ್ಟಿಗೆ ಗೊಬ್ಬರ, ನೀರು, ಆಳು ಎಲ್ಲವನ್ನೂ ಹೆಚ್ಚಾಗಿ ಬೇಡುತ್ತದೆ. ಶ್ರೀಮಂತರ ಹಣ್ಣೆಂಬ ಮಾತು ತಿನ್ನುವವರಿಗಷ್ಟೇ ಅಲ್ಲ, ಬೆಳೆಯುವವರಿಗೂ ಸಲ್ಲುತ್ತದೆ. ಸಾಲದ ಕಂತು, ಮಗಳ ಮದುವೆಗಳು ಹದಿನೆಂಟು ತಿಂಗಳು ಕಾಯುವುದಿಲ್ಲ. ಕಾಯಬಲ್ಲ ಶಕ್ತಿ ಸ್ವಭಾವದಿಂದ ಬರುವ ತಾಳ್ಮೆಯಲ್ಲ; ಬಾವಿ, ಜಮೀನು, ಬಂಧುಬಳಗಗಳು ಕೊಡುವ ಸವಲತ್ತು.

ಮಲೆನಾಡಿನ ತೋಟಕ್ಕೆ ಇದನ್ನು ಹೊಂದಿಸಿ ನೋಡಲು ವಿದ್ಯಾರ್ಥಿಗಳಿಗೆ ಮಳೆಗಾಲವೇ ಸಾಕು. ಅಡಿಕೆಗೆ ಕೊಳೆರೋಗ ತಗುಲಿದೊಡನೆ ‘ಸಕಾಲಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲಿಲ್ಲ’ ಎಂದು ಬೆಳೆಗಾರನನ್ನು ದೂರುವುದು ವಾಡಿಕೆ. ದ್ರಾವಣವನ್ನು ಮಳೆಗೆ ಮುನ್ನ ಹೊಡೆಯಬೇಕೆಂಬುದು ಅರ್ಧ ಎಕರೆಯವನಿಗೂ ಗೊತ್ತು. ಆದರೆ ಮರ ಏರಬಲ್ಲ ಕೊನೆಗೌಡ ಸೀಮೆಗೆ ಕೆಲವರೇ ಉಳಿದಿದ್ದಾರೆ. ಹೆಚ್ಚು ದಿನಗಳ ಕೆಲಸ ಕೊಡುವ, ಮುಂಗಡ ಕೊಟ್ಟಿರುವ ದೊಡ್ಡ ತೋಟಗಳನ್ನು ಮುಗಿಸದೆ ಆತ ಚಿಕ್ಕ ತೋಟಕ್ಕೆ ಬರಲಾರ. ಆ ಸರದಿ ಬರುವಷ್ಟರಲ್ಲಿ ಆರಿದ್ರೆ ಮಳೆ ಹಿಡಿದಿರುತ್ತದೆ.