ಈ ಕೂಸೂ ನಮ್ಮದೇ

ಆಳಂದ, ಅಫಜಲಪುರ, ಜೇವರ್ಗಿಯ ಸಂಘದ ಅಕ್ಕತಂಗಿಯರೇ,

ವರದಕ್ಷಿಣೆಗಾಗಿ ಸೊಸೆಯನ್ನು ಹೊರಹಾಕಿದರೆ ಆ ಮನೆಯ ಮುಂದೆ ಧರಣಿ ಕೂಡುತ್ತೇವೆ. ಗಂಡೆಂದು ಬೆಳೆಸಿದ ಕೂಸು 'ನಾನು ಹೆಣ್ಣು' ಎಂದಾಗ ಬಡಿದು ಹೊರಗಟ್ಟಿದರೆ ಏಕೆ ಸುಮ್ಮನಿರುತ್ತೇವೆ? ಅದು ಹಿಂಸೆಯಲ್ಲವೇ?

ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿಯನ್ನು ನೋಡಿ. ಹೆತ್ತವರು ಹುಲಿಗೆಮ್ಮನಲ್ಲಿಗೆ ಒಯ್ದು ಮುತ್ತು ಕಟ್ಟಿಸಿದರು. ಮನೆ ತಪ್ಪಿತು; ವಿಷ ಕುಡಿದರು, ಭಿಕ್ಷೆ ಬೇಡಿದರು. 2019ರಲ್ಲಿ ಅವರೇ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಈಗ ಚಪ್ಪಾಳೆ ತಟ್ಟುವುದು ಸುಲಭ. ಅಂದು ಜೊತೆಗೆ ಯಾರಿದ್ದರು? ವಿಷ ಕುಡಿದ ಎಲ್ಲ ಮಕ್ಕಳೂ ಬದುಕಿ ಉಳಿಯುವುದಿಲ್ಲ.

ಇಂಥ ಮಗುವಿನ ಪರ ತಾಯಿ ಒಬ್ಬಳೇ ನಿಂತರೆ ಓಣಿಯೆಲ್ಲ ಅವಳನ್ನೇ ದೂರುತ್ತದೆ. ಸಂಘವೇ ನಿಂತರೆ? ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಪೀಡಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅದೇ ಕಾಯ್ದೆಯಂತೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆ ಕುರ್ಚಿ ನಮ್ಮದು. ಬರೀ ಸಹಿ ಹಾಕಿ ಎದ್ದು ಬರಬೇಡಿ. 'ಈ ಮಗುವನ್ನು ಹಂಗಿಸಿದವರು ಯಾರು? ಶಾಲೆ ಏನು ಕ್ರಮ ಕೈಗೊಂಡಿತು?' ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

2014ರಲ್ಲಿ ಸುಪ್ರೀಂ ಕೋರ್ಟು ಇವರನ್ನು ಸಮಾನ ನಾಗರಿಕರೆಂದಿತು. ಓಣಿಯಲ್ಲಿ ಆ ಮಾತು ಹೇಳಬೇಕಾದವರು ನಾವು. ಮರ್ಯಾದೆ ಹೋಗುವುದು ಮಗು ಸೀರೆ ಉಟ್ಟರೆ ಅಲ್ಲ, ಮಗು ಬೀದಿಪಾಲಾದರೆ.